ಹಾಡಿನ ತಳಪಾಯ: ನನ್ನ ಮೆಚ್ಚಿನ ಬೇಸ್ ಮತ್ತು ಡ್ರಮ್ಸ್ ವಾದಕರು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಕ್ಯಾಬ್‌ನಲ್ಲಿ ಕೂತು ಓದ್ಕೋತೀನಿ ಅನ್ನೋರಿಗಾಗಿ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ಮಾತಿನ ಮಧ್ಯೆ ಬಂದ ‘ಆಂ’, ‘ಊಂ’ಗಳನ್ನು ತೆಗೆದು, ಒಂದೆರಡು ಕಡೆ ಲೆಕ್ಕ ಬಿಡಿಸಿ ಬರೆದಿದ್ದೇನೆ.

ರಾಕ್ ಬ್ಯಾಂಡ್ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಹಾಡುಗಾರ. ಆಮೇಲೆ ಲೀಡ್ ಗಿಟಾರ್ ನುಡಿಸೋನು. ಪಕ್ಕದಲ್ಲಿ ನಾಲ್ಕೇ ತಂತಿಯ ಗಿಟಾರ್ ಹಿಡಿದು ನಿಂತವರು ಯಾರು, ಹಿಂದೆ ಡ್ರಮ್ಸ್ ನಡುವೆ ಮುಚ್ಚಿಹೋದವರು ಯಾರು ಅಂತ ಕೇಳಿದ್ರೆ ತಲೆ ಕೆರ್ಕೋತೀವಿ. ಇಂಥವರಿಗೆ ನಮ್ಮಲ್ಲಿ ‘ಎಲೆಮರೆಯ ಕಾಯಿ’ ಅಂತಾರೆ. ಹಾಡು ಹೇಗೆ ನಡೀಬೇಕು ಅನ್ನೋದನ್ನು ತೀರ್ಮಾನಿಸೋರು ಇವರಿಬ್ಬರು. ಆದರೆ ಹಾಡಿನ ಮೇಲೆ ಹೆಸರಿಲ್ಲದೆ, ಹಾಡು ತಂದ ದುಡ್ಡಿನಲ್ಲಿ ಪಾಲಿಲ್ಲದೆ ಹೋದವರಲ್ಲೂ ಇವರೇ ಹೆಚ್ಚು. ಈ ಎರಡು ಮಾತನ್ನು ಒಟ್ಟಿಗೆ ಇಟ್ಕೊಂಡು ನನ್ನ ಮೆಚ್ಚಿನ ಕೆಲವರ ಬಗ್ಗೆ ಹೇಳ್ತೀನಿ.

ಆಯ್ಕೆಗೆ ನಾನು ಇಟ್ಕೊಂಡಿರೋ ಪರೀಕ್ಷೆ ಸರಳ. ಅವರು ನುಡಿಸಿದ ಭಾಗವನ್ನು ತೆಗೆದುಬಿಟ್ರೆ ಆ ಹಾಡು ಅದೇ ಹಾಡಾಗಿ ಉಳಿಯುತ್ತಾ? ಉಳಿಯಲ್ಲ ಅಂತಾದ್ರೆ ಅವರು ನನ್ನ ಪಟ್ಟಿಯಲ್ಲಿ. ಎಷ್ಟು ವೇಗವಾಗಿ ನುಡಿಸ್ತಾರೆ, ಎಷ್ಟು ಡ್ರಮ್ ಇಟ್ಕೊಂಡಿದ್ದಾರೆ ಅನ್ನೋದು ನನಗೆ ಮುಖ್ಯ ಅಲ್ಲ.

ಮೊದಲು ಕಿವಿ ಕೆಳಗಿಳಿಸೋಣ

ಬೇಸ್ ಗಿಟಾರ್‌ಗೆ ಸಾಮಾನ್ಯವಾಗಿ ನಾಲ್ಕು ತಂತಿ. ಮಾಮೂಲಿ ಗಿಟಾರ್‌ಗಿಂತ ಒಂದು ಸ್ಥಾಯಿ ಕೆಳಗೆ, ಅಂದರೆ ನಮ್ಮ ಮಾತಿನಲ್ಲಿ ಮಂದ್ರದಲ್ಲಿ ಶ್ರುತಿ ಮಾಡಿರ್ತಾರೆ. ಅತಿ ದಪ್ಪ ತಂತಿಯನ್ನು ಹಾಗೇ ಮೀಟಿದರೆ ಸೆಕೆಂಡಿಗೆ ಸುಮಾರು 41 ಕಂಪನ, 41 ಹರ್ಟ್ಜ್. ನಿಮ್ಮ ಫೋನಿನ ಪುಟ್ಟ ಸ್ಪೀಕರ್‌ಗೆ ಅಷ್ಟು ಕೆಳಗಿನ ಸ್ವರ ಹೊರಡಿಸೋ ತಾಕತ್ತೇ ಇಲ್ಲ. ಆದರೂ ಬೇಸ್ ಸ್ವಲ್ಪ ಕೇಳಿಸ್ದಂಗೆ ಆಗುತ್ತಲ್ಲ, ಅದು ಹೇಗೆ? ತಂತಿ 41ರ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳನ್ನೂ ಹೊರಡಿಸುತ್ತೆ. ಆ ಮೇಲಿನವು ಕಿವಿಗೆ ಬಿದ್ದರೆ ಸಾಕು, ಬುಡದಲ್ಲಿ ಇರಬೇಕಾದ್ದು ಯಾವುದು ಅಂತ ಮಿದುಳು ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತೆ. ಎಂಟೆಕ್‌ನಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಓದಿದವರಿಗೆ ಇದು ಹಳೇ ಪಾಠ. ಆದರೆ ತುಂಬಿಕೊಂಡ ಸ್ವರ ಕಿವಿಯಲ್ಲಿ ಮಾತ್ರ ಇರುತ್ತೆ, ಎದೆಗೆ ಗುದ್ದಲ್ಲ. ಅದಕ್ಕೇ ಇವತ್ತು ಹೇಳೋ ಹಾಡುಗಳನ್ನು ದಯವಿಟ್ಟು ಒಳ್ಳೇ ಹೆಡ್‌ಫೋನ್ ಹಾಕ್ಕೊಂಡು ಕೇಳಿ.

ಮೊದಲೆಲ್ಲ ಈ ಕೆಲಸಕ್ಕೆ ಆಳೆತ್ತರದ, ಪಿಟೀಲಿನ ಆಕಾರದ ಡಬಲ್ ಬೇಸ್ ಇತ್ತು. ಗಿಟಾರ್‌ಗಳಿಗೆ ಆಂಪ್ಲಿಫೈಯರ್ ಬಂದ ಮೇಲೆ ಆ ಗದ್ದಲದಲ್ಲಿ ಅದರ ದನಿ ಮುಳುಗೋಕೆ ಶುರುವಾಯ್ತು. 1951ರಲ್ಲಿ ಲಿಯೋ ಫೆಂಡರ್ ಕಂಪನಿ ‘ಪ್ರಿಸಿಷನ್ ಬೇಸ್’ ಅನ್ನೋ ವಿದ್ಯುತ್ ಬೇಸ್ ಮಾರುಕಟ್ಟೆಗೆ ತಂತು. ಹೆಗಲಿಗೆ ನೇತುಹಾಕ್ಕೋಬಹುದು, ವೀಣೆಯ ಹಾಗೆ ಮೆಟ್ಟಿಲುಗಳಿರೋದ್ರಿಂದ ಸ್ವರ ಜಾರಲ್ಲ, ದನಿಯನ್ನು ಎಷ್ಟು ಬೇಕೋ ಅಷ್ಟು ಏರಿಸಬಹುದು. ರಾಕ್ ಸಂಗೀತದ ನಡು ಗಟ್ಟಿಯಾದದ್ದು ಆಮೇಲೆ.

ಡ್ರಮ್ಸ್ ಕಡೆ ಬಂದ್ರೆ, ರಾಕ್‌ನ ಮೂಲ ಲೆಕ್ಕ ನಾಲ್ಕು ಪೆಟ್ಟಿನದು. ಒಂದು ಮತ್ತು ಮೂರಕ್ಕೆ ಕಾಲಿನಿಂದ ಒದೆಯೋ ದೊಡ್ಡ ಡ್ರಮ್, ಅಂದರೆ ಕಿಕ್. ಎರಡು ಮತ್ತು ನಾಲ್ಕಕ್ಕೆ ‘ಟಪ್’ ಅನ್ನೋ ಸ್ನೇರ್. ನಾವು ಭಜನೆಯಲ್ಲಿ ತಾಳ ಹಾಕುವಾಗ ತೂಕ ಮೊದಲ ಪೆಟ್ಟಿನ ಮೇಲೆ ಬೀಳುತ್ತೆ. ಇಲ್ಲಿ ಚಪ್ಪಾಳೆ ಎರಡು, ನಾಲ್ಕರ ಮೇಲೆ. ಇದೊಂದು ಅಭ್ಯಾಸ ಆದರೆ ಅರ್ಧ ರಾಕ್ ಸಂಗೀತ ಒಲಿದಂಗೆ.

ಇವರಿಬ್ಬರ ನಂಟು ಎಲ್ಲಿ ಅಂದ್ರೆ, ಕಿಕ್ ಬೀಳೋ ಜಾಗಕ್ಕೆ ಸರಿಯಾಗಿ ಬೇಸ್‌ನ ಸ್ವರ ಬಿದ್ದಾಗ ಎರಡೂ ಸೇರಿ ಒಂದೇ ವಾದ್ಯದ ಹಾಗೆ ಕೇಳಿಸುತ್ತೆ. ಡ್ರಮ್‌ಗೆ ಸ್ವರ ಬಂದಂಗೆ, ಬೇಸ್‌ಗೆ ಪೆಟ್ಟು ಬಂದಂಗೆ. ಇದು ಸಾರಿನಲ್ಲಿ ಉಪ್ಪಿದ್ದಂಗೆ. ಸರಿಯಾಗಿದ್ದಾಗ ಯಾರೂ ಉಪ್ಪಿನ ಸುದ್ದಿ ಎತ್ತಲ್ಲ. ಪ್ರೊಡಕ್ಷನ್ ಸರ್ವರ್ ನೋಡ್ಕೊಳ್ಳೋ ಸ್ನೇಹಿತರಿಗೆ ಈ ಪಾಡು ನಾನು ಬಿಡಿಸಿ ಹೇಳಬೇಕಿಲ್ಲ.

ಒಂದೇ ಬೆರಳಿನ ಮಾಂತ್ರಿಕ: ಜೇಮ್ಸ್ ಜೇಮರ್ಸನ್

ನನ್ನ ಪಟ್ಟಿಯ ತುದಿಯಲ್ಲಿರೋದು ಅಮೆರಿಕದ ಡೆಟ್ರಾಯಿಟ್‌ನ ಜೇಮ್ಸ್ ಜೇಮರ್ಸನ್. 1960ರ ದಶಕದಲ್ಲಿ ಮೋಟೌನ್ ಅನ್ನೋ ಕಂಪನಿ ಡೆಟ್ರಾಯಿಟ್‌ನ ಒಂದು ಸಾಮಾನ್ಯ ಮನೆಯನ್ನೇ ಸ್ಟುಡಿಯೋ ಮಾಡಿಕೊಂಡು ಒಂದರ ಹಿಂದೆ ಒಂದು ಹಿಟ್ ಹಾಡು ಕೊಡ್ತಾ ಇತ್ತು. ಹಾಡುಗಾರರು ಬದಲಾಗ್ತಿದ್ರು, ಹಿಂದೆ ನುಡಿಸೋ ತಂಡ ಹೆಚ್ಚುಕಮ್ಮಿ ಅದೇ. ಆ ತಂಡಕ್ಕೆ ಫಂಕ್ ಬ್ರದರ್ಸ್ ಅಂತ ಹೆಸರು. ಬೇಸ್‌ನಲ್ಲಿ ಜೇಮರ್ಸನ್, ಡ್ರಮ್ಸ್‌ನಲ್ಲಿ ಮೊದಮೊದಲು ಬೆನ್ನಿ ಬೆಂಜಮಿನ್.

ಟೆಂಪ್ಟೇಷನ್ಸ್ ಗುಂಪಿನ ‘ಮೈ ಗರ್ಲ್’ (1964) ಹಾಡು ಶುರುವಾಗೋದೇ ಜೇಮರ್ಸನ್ ಬೇಸ್‌ನಿಂದ. ಬೇರೆ ಏನೂ ಬರೋ ಮುಂಚೆ, ಎದೆ ಬಡಿತದ ಹಾಗೆ ಕೆಲವೇ ಸ್ವರ. ಅದಾದ ಮೇಲೆ ಫೋರ್ ಟಾಪ್ಸ್ ಗುಂಪಿನ ‘ಬರ್ನಡೆಟ್’ (1967) ಕೇಳಿ. ಹಾಡುಗಾರನ ಕೆಳಗೆ ಇನ್ನೊಬ್ಬ ಹಾಡುಗಾರ ಬೇರೆ ಕಥೆ ಹೇಳ್ತಿದ್ದಂಗಿದೆ. ಅದಕ್ಕೂ ಮೊದಲು ಜನಪ್ರಿಯ ಹಾಡುಗಳಲ್ಲಿ ಬೇಸ್ ಅಂದ್ರೆ ಹೆಚ್ಚಾಗಿ ಪೆಟ್ಟಿಗೊಂದು ಸ್ವರ ಇಟ್ಟು ಸುಮ್ಮನಾಗೋದು. ಜೇಮರ್ಸನ್ ಜಾಸ್ ಕಲಿತವರು. ಪೆಟ್ಟಿನ ನಡುವಿನ ಸಂದಿಯಲ್ಲಿ ಸ್ವರ ಇಟ್ಟು, ಮುಂದಿನ ಪೆಟ್ಟಿಗೆ ನಮ್ಮನ್ನು ಕೈ ಹಿಡಿದು ಕರ್ಕೊಂಡು ಹೋಗ್ತಾರೆ. ಇಷ್ಟನ್ನೂ ಬಲಗೈಯ ಒಂದೇ ಒಂದು ತೋರುಬೆರಳಿನಲ್ಲಿ ಮೀಟಿದ್ದು. ಆ ಬೆರಳಿಗೆ ‘ಹುಕ್’ ಅಂತ ಅಡ್ಡಹೆಸರೇ ಬಿದ್ದಿತ್ತು. ತಂತಿಯನ್ನು ತುಂಡಾಗೋವರೆಗೂ ಬದಲಿಸ್ತಿರಲಿಲ್ಲ. ಆ ಮಂದ, ದುಂಡಗಿನ ದನಿಗೆ ಹಳೇ ತಂತಿಯೂ ಒಂದು ಕಾರಣ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ತಮ್ಮ ಮೇಲೆ ಪ್ರಭಾವ ಬೀರಿದವರಲ್ಲಿ ಇವರ ಹೆಸರು ಹೇಳಿದ್ದಾರೆ.

ಆದರೆ ಆ ಕಾಲದಲ್ಲಿ ಮೆಕಾರ್ಟ್ನಿಯಂಥವರಿಗೂ ಹಾಡು ಗೊತ್ತಿತ್ತು, ನುಡಿಸಿದವರ ಹೆಸರು ಗೊತ್ತಿರಲಿಲ್ಲ. ಯಾಕಂದ್ರೆ ಮೋಟೌನ್ ತನ್ನ ರೆಕಾರ್ಡ್‌ಗಳ ಹೊದಿಕೆ ಮೇಲೆ ವಾದಕರ ಹೆಸರು ಹಾಕ್ತಾನೇ ಇರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಂ ಬಂದಾಗ ಮೊದಲ ಸಲ ಹೆಸರು ಅಚ್ಚಾಯ್ತು. ಅಷ್ಟರಲ್ಲಿ ಅವರು ನುಡಿಸಲು ಶುರು ಮಾಡಿ ದಶಕ ಕಳೆದಿತ್ತು. 1972ರಲ್ಲಿ ಕಂಪನಿ ಡೆಟ್ರಾಯಿಟ್ ಬಿಟ್ಟು ಲಾಸ್ ಏಂಜಲೀಸ್‌ಗೆ ಹೋಯ್ತು. ಜೇಮರ್ಸನ್ ಕೂಡ ಹಿಂದೆಯೇ ಹೋದರು. ಊರು ಹಿಡಿಸಲಿಲ್ಲ, ಕಾಲದ ರುಚಿ ಬದಲಾಗಿತ್ತು, ಕುಡಿತ ಮೈಯನ್ನು ತಿಂದಿತ್ತು. ಕೆಲಸ ಹೋದ ಕಡೆಗೆ ಗಂಟುಮೂಟೆ ಕಟ್ಟಿದ ನಮ್ಮಂಥವರಿಗೆ ಈ ಭಾಗ ಓದುವಾಗ ಸ್ವಲ್ಪ ಚುರುಕ್ ಅನ್ನುತ್ತೆ.

1983ರ ಮಾರ್ಚ್‌ನಲ್ಲಿ ಮೋಟೌನ್ ತನ್ನ 25 ವರ್ಷದ ದೊಡ್ಡ ಸಮಾರಂಭ ಮಾಡ್ತು. ಮೈಕಲ್ ಜಾಕ್ಸನ್ ಟೀವಿಗಾಗಿ ಮೊದಲ ಸಲ ಮೂನ್‌ವಾಕ್ ಮಾಡಿದ್ದು ಅದೇ ವೇದಿಕೆಯಲ್ಲಿ. ಆ ವೇದಿಕೆಯಲ್ಲಿ ಮೆರೆದ ಎಷ್ಟೋ ಹಾಡಿಗೆ ಬುನಾದಿ ಹಾಕಿದ ಜೇಮರ್ಸನ್, ಟಿಕೆಟ್ ಕೊಂಡು ಬಾಲ್ಕನಿಯಲ್ಲಿ ಕೂತು ನೋಡಿದರು. ಅದೇ ಆಗಸ್ಟ್‌ನಲ್ಲಿ ತೀರಿಕೊಂಡರು, ವಯಸ್ಸು 47. ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2000ದಲ್ಲಿ.

ಮೆಟ್ಟಿಲ ಕೆಳಗಿನ ಗುಡುಗು: ಜಾನ್ ಬಾನಮ್

ಇಂಗ್ಲೆಂಡಿನ ಲೆಡ್ ಜೆಪ್ಲಿನ್‌ನ ಡ್ರಮ್ಮರ್ ಜಾನ್ ಬಾನಮ್ ಅಂದ್ರೆ ಜೋರು ಪೆಟ್ಟು ಅಂತ ಎಲ್ಲರೂ ಹೇಳ್ತಾರೆ. ನನಗೆ ಅವರಲ್ಲಿ ಇಷ್ಟ ಆಗೋದು ತಾಳ್ಮೆ. ‘ವೆನ್ ದಿ ಲೆವೀ ಬ್ರೇಕ್ಸ್’ (1971) ಕೇಳಿ. ಏಳು ನಿಮಿಷದ ಹಾಡು, ಒಂದೇ ನಡಿಗೆ. ಆನೆ ಅಂಬಾರಿ ಹೊತ್ತು ನಡೆದಂಗೆ, ಎಲ್ಲೂ ಆತುರ ಇಲ್ಲ.

ಆ ದನಿ ಹೇಗೆ ಬಂತು ಅನ್ನೋದು ಎಂಜಿನಿಯರ್‌ಗಳು ಕೇಳಲೇಬೇಕಾದ ಕಥೆ. ಹ್ಯಾಂಪ್‌ಶೈರ್‌ನ ಹೆಡ್ಲಿ ಗ್ರೇಂಜ್ ಅನ್ನೋ ಹಳೇ ದೊಡ್ಡ ಮನೆಯಲ್ಲಿ ರೆಕಾರ್ಡಿಂಗ್. ಆಗೆಲ್ಲ ಒಂದೊಂದು ಡ್ರಮ್‌ಗೂ ಹತ್ತಿರದಲ್ಲೇ ಮೈಕ್ ಇಡೋ ರೂಢಿ ಬೆಳೀತಾ ಇತ್ತು. ಎಂಜಿನಿಯರ್ ಆಂಡಿ ಜಾನ್ಸ್ ಡ್ರಮ್ಸ್ ಸೆಟ್ಟನ್ನು ಮೆಟ್ಟಿಲ ಬುಡದ ಹಜಾರದಲ್ಲಿ ಇಡಿಸಿ, ಎರಡು ಮೈಕ್‌ಗಳನ್ನು ಮೇಲಿನ ಮಹಡಿಯಿಂದ ಇಳಿಬಿಟ್ಟರು. ಹಾಗಾಗಿ ಆ ಮೈಕ್‌ಗಳಿಗೆ ಕೇಳಿಸಿದ್ದು ಬರೀ ಡ್ರಮ್ ಅಲ್ಲ, ಗೋಡೆಗಳಿಗೆ ಬಡಿದು ಬಂದ ಇಡೀ ಮನೆಯ ದನಿ. ಜೊತೆಗೆ ಎಕೋ ಯಂತ್ರ ಸೇರಿಸಿದರು. ಹಾಡಿನ ಮೊದಲ ಹತ್ತು ಸೆಕೆಂಡಿನಲ್ಲಿ ಕೇಳೋ ಆ ಗುಡುಗು ಇವತ್ತಿಗೂ ಡ್ರಮ್ ದನಿಗೆ ಒಂದು ಅಳತೆಗೋಲು.

ಜೊತೆಗೆ ಬೇಸ್‌ನಲ್ಲಿ ಜಾನ್ ಪಾಲ್ ಜೋನ್ಸ್. ಬ್ಯಾಂಡ್ ಸೇರೋ ಮುಂಚೆ ಲಂಡನ್‌ನ ಸ್ಟುಡಿಯೋಗಳಲ್ಲಿ ಪರರ ಹಾಡಿಗೆ ನುಡಿಸಿ, ವಾದ್ಯ ಸಂಯೋಜನೆ ಮಾಡಿ ಪಳಗಿದವರು. ಎಲ್ಲಿ ನುಡಿಸಬಾರದು ಅಂತ ಬಲ್ಲವರು.

1980ರ ಸೆಪ್ಟೆಂಬರ್‌ನಲ್ಲಿ ಬಾನಮ್ ತೀರಿಕೊಂಡರು. ವಯಸ್ಸು ಬರೀ 32. ಉಳಿದ ಮೂವರು ಜಗತ್ತಿನ ಯಾವ ಡ್ರಮ್ಮರ್‌ನ ಬೇಕಾದ್ರೂ ಕರೀಬಹುದಿತ್ತು. ಅವರು ಅದೇ ಡಿಸೆಂಬರ್‌ನಲ್ಲಿ ಬ್ಯಾಂಡನ್ನೇ ಮುಚ್ಚಿದರು. ನನ್ನ ಪರೀಕ್ಷೆಗೆ ಇದಕ್ಕಿಂತ ಸಾಕ್ಷಿ ಬೇಕಾ? 2007ರ ಡಿಸೆಂಬರ್‌ನಲ್ಲಿ ಲಂಡನ್‌ನಲ್ಲಿ ಒಂದು ಪೂರ್ಣ ಕಛೇರಿಗಾಗಿ ಮತ್ತೆ ಸೇರಿದಾಗ ಡ್ರಮ್ಸ್ ಹಿಂದೆ ಕೂತದ್ದು ಮಗ, ಜೇಸನ್ ಬಾನಮ್.

ನಮ್ಮ ಬ್ರಾಂಚಿನವನು: ಜಾನ್ ಡೀಕನ್

ಕ್ವೀನ್ ಬ್ಯಾಂಡಿನಲ್ಲಿ ಅತಿ ಕಡಿಮೆ ಮಾತಾಡ್ತಿದ್ದವರು ಬೇಸ್ ವಾದಕ ಜಾನ್ ಡೀಕನ್. ಲಂಡನ್‌ನ ಚೆಲ್ಸೀ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಪ್ರಥಮ ದರ್ಜೆಯಲ್ಲಿ ಪಾಸಾದವರು. ಯಾರೋ ಕಸದ ತೊಟ್ಟಿಗೆ ಎಸೆದಿದ್ದ ಸರ್ಕಿಟ್ ಬೋರ್ಡ್ ಹೆಕ್ಕಿ ತಂದು, ಒಂದು ಹಳೇ ಸ್ಪೀಕರ್ ಪೆಟ್ಟಿಗೆಗೆ ಕೂರಿಸಿ ಪುಟ್ಟ ಆಂಪ್ಲಿಫೈಯರ್ ಮಾಡಿದರು. ಅದಕ್ಕೆ ‘ಡೀಕಿ ಆಂಪ್’ ಅಂತ ಹೆಸರಾಯ್ತು. ಗಿಟಾರ್ ವಾದಕ ಬ್ರಯಾನ್ ಮೇ ಅದನ್ನು ಕ್ವೀನ್ ರೆಕಾರ್ಡಿಂಗ್‌ಗಳಲ್ಲಿ ವರ್ಷಾನುಗಟ್ಟಲೆ ಬಳಸಿದರು.

1980ರ ‘ಅನದರ್ ಒನ್ ಬೈಟ್ಸ್ ದಿ ಡಸ್ಟ್’ ಬರೆದದ್ದು ಡೀಕನ್. ನ್ಯೂಯಾರ್ಕ್‌ನ ಶಿಕ್ ಬ್ಯಾಂಡಿನ ಬರ್ನಾರ್ಡ್ ಎಡ್ವರ್ಡ್ಸ್ ಅವರ ಬೇಸ್ ಕೇಳಿ ಸ್ಫೂರ್ತಿ ಪಡೆದದ್ದು. ಬೇಸ್ ನುಡಿಸುವವನೇ ಹಾಡು ಬರೆದಾಗ ಏನಾಗುತ್ತೆ ನೋಡಿ: ಇಡೀ ಹಾಡಿಗೆ ಬೇಸ್‌ನ ಆ ಕೆಲವು ಸ್ವರಗಳೇ ಮುಖ. ಅಮೆರಿಕದಲ್ಲಿ ಅದು ಮೊದಲ ಸ್ಥಾನಕ್ಕೇರಿತು, ಬರೆದವನಾಗಿ ಡೀಕನ್ ಹೆಸರೂ ಉಳೀತು. ಜೇಮರ್ಸನ್ ಕಥೆ ಪಕ್ಕ ಇದನ್ನು ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಏರ್‌ಪೋರ್ಟ್ ಕೋಡಿನ ತಾಳ: ನೀಲ್ ಪಿಯರ್ಟ್ ಮತ್ತು ಗೆಡ್ಡಿ ಲೀ

ಕೆನಡಾದ ರಷ್ ಮೂರೇ ಜನರ ಬ್ಯಾಂಡ್. ಡ್ರಮ್ಸ್‌ನಲ್ಲಿ 2020ರ ಜನವರಿಯಲ್ಲಿ ತೀರಿಕೊಂಡ ನೀಲ್ ಪಿಯರ್ಟ್, ಬೇಸ್ ಮತ್ತು ಹಾಡುಗಾರಿಕೆ ಗೆಡ್ಡಿ ಲೀ. ಇವರಿಬ್ಬರೇ ಸೇರಿ ಕಟ್ಟಿದ, ಮಾತಿಲ್ಲದ ಒಂದು ವಾದ್ಯ ಸಂಗೀತ 1981ರ ‘ಮೂವಿಂಗ್ ಪಿಕ್ಚರ್ಸ್’ ಆಲ್ಬಂನಲ್ಲಿದೆ. ಹೆಸರು ‘ವೈವೈಜೆಡ್’. ಅದು ಅವರ ಊರು ಟೊರಾಂಟೋದ ವಿಮಾನ ನಿಲ್ದಾಣದ ಕೋಡ್. ಶುರುವಿನ ತಾಳ ಆ ಮೂರು ಅಕ್ಷರದ ಮೋರ್ಸ್ ಸಂಕೇತವೇ. ಚುಕ್ಕಿಗೆ ಒಂದು ಮಾತ್ರೆ, ಗೆರೆಗೆ ಎರಡು ಮಾತ್ರೆ.

ಲೆಕ್ಕ ಹಾಕೋಣ. ವೈ ಅಂದ್ರೆ ಗೆರೆ, ಚುಕ್ಕಿ, ಗೆರೆ, ಗೆರೆ: 2+1+2+2 = 7. ಇನ್ನೊಂದು ವೈ, ಮತ್ತೆ 7. ಜೆಡ್ ಅಂದ್ರೆ ಎರಡು ಗೆರೆ, ಎರಡು ಚುಕ್ಕಿ: 6. ಒಟ್ಟು 20. ಅಂದರೆ ನಾಲ್ಕು ಮಾತ್ರೆಯ ಐದು ಪೆಟ್ಟು. ರಾಕ್‌ನ ಮಾಮೂಲಿ ನಾಲ್ಕಲ್ಲ, ಐದು. ಸಂಗೀತ ಕಲಿತವರಿಗೆ ಐದರ ಲೆಕ್ಕ ಅಂದ ಕೂಡಲೇ ಖಂಡ ಗತಿ ನೆನಪಾಗುತ್ತೆ.

ಇದು ಗೊತ್ತಾದ ಮೇಲೆ ನಮ್ಮ ಊರಿನ ಕೋಡ್ ಹಾಕಿ ನೋಡದೆ ಇರೋಕಾಗುತ್ತಾ? ಬೆಂಗಳೂರಿನದು ಬಿಎಲ್‌ಆರ್. ಬಿ: ಗೆರೆ, ಮೂರು ಚುಕ್ಕಿ, 5. ಎಲ್: ಚುಕ್ಕಿ, ಗೆರೆ, ಎರಡು ಚುಕ್ಕಿ, 5. ಆರ್: ಚುಕ್ಕಿ, ಗೆರೆ, ಚುಕ್ಕಿ, 4. ಒಟ್ಟು 14. ಏಳರ ಎರಡರಷ್ಟು, ಸರಿಯಾಗಿ ಮಿಶ್ರ ಛಾಪಿಗೆ ಕೂರುತ್ತೆ! ನಾವು ಬಂದು ಸೇರಿರೋ ಊರುಗಳು? ಚೆನ್ನೈನ ಎಂಎಎ, ದೆಹಲಿಯ ಡಿಇಎಲ್ ಎರಡೂ 10, ಅಂದರೆ ಮತ್ತೆ ಐದರ ಲೆಕ್ಕ. ಮುಂಬೈನ ಬಿಒಎಂ, ಹೈದರಾಬಾದಿನ ಎಚ್‌ವೈಡಿ ಎರಡೂ 15. ಪುಣೆಯ ಪಿಎನ್‌ಕ್ಯೂ 16, ನೆಟ್ಟಗೆ ನಾಲ್ಕು ನಾಲ್ಕಲೆ. ಮೇಜಿನ ಮೇಲೆ ತಟ್ಟಿ ನೋಡಿ. ಬೇಸ್ ಮತ್ತು ಡ್ರಮ್ಸ್ ವಾದಕರ ತಲೆಯಲ್ಲಿ ಹಗಲಿಡೀ ಏನು ಓಡ್ತಿರುತ್ತೆ ಅನ್ನೋದರ ಒಂದು ಚೂರು ನಿಮಗೂ ಸಿಗುತ್ತೆ.

ಗಮಕ ಹಿಡಿದ ಬೇಸ್: ಜಾಕೋ ಪಾಸ್ಟೋರಿಯಸ್

ಫ್ಲಾರಿಡಾದಲ್ಲಿ ಬೆಳೆದ ಜಾಕೋ ಪಾಸ್ಟೋರಿಯಸ್ ತಮ್ಮ ಬೇಸ್‌ನ ಮೆಟ್ಟಿಲುಗಳನ್ನೆಲ್ಲ ತೆಗೆಸಿ, ಆ ಸಂದುಗಳನ್ನು ತುಂಬಿ, ಮೇಲೆ ಎಪಾಕ್ಸಿ ಬಳಿದು ನುಣುಪು ಮಾಡಿಕೊಂಡರು. ಈಗ ಬೆರಳು ಪಿಟೀಲಿನಲ್ಲಿ ಜಾರಿದಂತೆ ಜಾರಬಹುದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯೋದರ ಬದಲು ಹರಿದುಹೋಗಬಹುದು. ಗಮಕ ಕೇಳಿ ಬೆಳೆದ ಕಿವಿಗೆ ಅವರ 1976ರ ಮೊದಲ ಆಲ್ಬಂ ಬೇಗ ಹತ್ತಿರ ಆಗುತ್ತೆ. ಅದೇ ವರ್ಷ ವೆದರ್ ರಿಪೋರ್ಟ್ ಗುಂಪು ಸೇರಿದರು. ಹಿಂದೆ ನಿಲ್ಲೋ ವಾದ್ಯ ಮುಂದೆ ಬಂದು ಹಾಡಬಲ್ಲದು ಅಂತ ತೋರಿಸಿದವರು ಅವರು. 1987ರಲ್ಲಿ, 35ನೇ ವಯಸ್ಸಿನಲ್ಲಿ, ಒಂದು ಕ್ಲಬ್ಬಿನ ಹೊರಗೆ ಬಿದ್ದ ಏಟಿನಿಂದ ತೀರಿಕೊಂಡರು.

ಏಳು ಸೆಕೆಂಡಿನ ಸಾಲ

ಈಗ ದುಡ್ಡಿನ ವಿಷಯಕ್ಕೆ ಬರೋಣ. ಹಾಡಿನ ಹಕ್ಕು ಅಂದ್ರೆ ಸಾಮಾನ್ಯವಾಗಿ ರಾಗ ಕಟ್ಟಿದವರದು, ಸಾಹಿತ್ಯ ಬರೆದವರದು, ಮತ್ತೆ ರೆಕಾರ್ಡಿಂಗ್‌ನ ಮಾಲೀಕರದು. ದಿನಗೂಲಿಗೆ ಬಂದು ಡ್ರಮ್ಸ್ ನುಡಿಸಿದವರಿಗೆ ಆ ದಿನದ ಸಂಬಳ, ಅಲ್ಲಿಗೆ ಮುಗೀತು. ಡೀಕನ್‌ಗೂ ಜೇಮರ್ಸನ್‌ಗೂ ಇರೋ ವ್ಯತ್ಯಾಸ ಇದೇ. ಒಬ್ಬರ ಹೆಸರು ‘ಬರೆದವರು’ ಅನ್ನೋ ಜಾಗದಲ್ಲಿತ್ತು, ಇನ್ನೊಬ್ಬರದು ಎಲ್ಲೂ ಇರಲಿಲ್ಲ.

1980ರ ದಶಕದಲ್ಲಿ ಹಳೇ ರೆಕಾರ್ಡಿನ ತುಣುಕು ಕತ್ತರಿಸಿ ಹೊಸ ಹಾಡಿಗೆ ಅಂಟಿಸೋ ಸ್ಯಾಂಪ್ಲರ್ ಯಂತ್ರಗಳು ಬಂದಾಗ ಇದು ಇನ್ನೂ ಎದ್ದು ಕಂಡಿತು. ಜೇಮ್ಸ್ ಬ್ರೌನ್ ಅವರ ‘ಫಂಕಿ ಡ್ರಮ್ಮರ್’ 1969ರಲ್ಲಿ ರೆಕಾರ್ಡ್ ಆದದ್ದು. ಹಾಡಿನ ಹೆಸರೇ ಡ್ರಮ್ಮರ್! ನುಡಿಸಿದವರು ಕ್ಲೈಡ್ ಸ್ಟಬಲ್‌ಫೀಲ್ಡ್, ಹಕ್ಕು ಬ್ರೌನ್ ಹೆಸರಿನಲ್ಲಿ. ಆ ಡ್ರಮ್ಸ್ ತುಣುಕನ್ನು ಪಬ್ಲಿಕ್ ಎನಿಮಿಯಿಂದ ಹಿಡಿದು ಸಾವಿರಕ್ಕೂ ಹೆಚ್ಚು ಹಾಡುಗಳು ಎತ್ತಿಕೊಂಡಿವೆ. ಸ್ಟಬಲ್‌ಫೀಲ್ಡ್‌ಗೆ ಅದರಿಂದ ರಾಯಲ್ಟಿ ಬರಲಿಲ್ಲ. 2017ರಲ್ಲಿ ತೀರಿಕೊಂಡರು.

ಇನ್ನೊಂದು ಕಥೆ ಇದಕ್ಕಿಂತ ಕಷ್ಟದ್ದು. ವಿನ್‌ಸ್ಟನ್ಸ್ ಅನ್ನೋ ಗುಂಪು 1969ರಲ್ಲಿ ಒಂದು ರೆಕಾರ್ಡ್ ತಂತು. ಅದರ ಹಿಂಬದಿ ತುಂಬೋಕೆ ‘ಆಮೆನ್, ಬ್ರದರ್’ ಅಂತ ಒಂದು ವಾದ್ಯ ಸಂಗೀತ ಹಾಕಿದರು. ಮಧ್ಯದಲ್ಲಿ ಎಲ್ಲರೂ ನಿಲ್ಲಿಸಿ, ಡ್ರಮ್ಮರ್ ಗ್ರೆಗರಿ ಕೋಲ್ಮನ್ ಒಬ್ಬರೇ ನಾಲ್ಕು ಆವರ್ತ ನುಡಿಸ್ತಾರೆ. ಸುಮಾರು ಏಳು ಸೆಕೆಂಡು. ಆ ಏಳು ಸೆಕೆಂಡಿನ ಮೇಲೆ ಇಂಗ್ಲೆಂಡಿನ ‘ಜಂಗಲ್’, ‘ಡ್ರಮ್ ಆಂಡ್ ಬೇಸ್’ ಅನ್ನೋ ಸಂಗೀತ ಪ್ರಕಾರಗಳೇ ಬೆಳೆದವು. ಸಾವಿರಾರು ಹಾಡುಗಳಲ್ಲಿ ಅದಿದೆ. ಶಾಲೆಯಿಂದ ಬಂದು ಕಾರ್ಟೂನ್ ನೆಟ್‌ವರ್ಕ್ ಹಾಕ್ತಿದ್ದ ನಮ್ಮ ತಲೆಮಾರಿನವರು ‘ಪವರ್‌ಪಫ್ ಗರ್ಲ್ಸ್’ ಶೀರ್ಷಿಕೆ ಸಂಗೀತದಲ್ಲಿ ಅದನ್ನು ನೂರಾರು ಸಲ ಕೇಳಿದ್ದೀವಿ. ಕೋಲ್ಮನ್ 2006ರಲ್ಲಿ ಬಡತನದಲ್ಲಿ ತೀರಿಕೊಂಡರು. ಆ ತುಣುಕಿನಿಂದ ಅವರಿಗೆ ಒಂದು ಕಾಸೂ ಬರಲಿಲ್ಲ. 2015ರಲ್ಲಿ ಅಭಿಮಾನಿಗಳು ತಾವಾಗಿ ಚಂದಾ ಎತ್ತಿ ಗುಂಪಿನ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೆ ಸುಮಾರು 24,000 ಪೌಂಡ್ ಕೊಟ್ಟರು. ನುಡಿಸಿದ ಕೈ ಆಗ ಇರಲಿಲ್ಲ.

ನಮ್ಮ ಹಾಡುಗಳ ಕೆಳಗೆ ಯಾರಿದ್ದಾರೆ?

ಇದೆಲ್ಲ ಎಲ್ಲೋ ಅಮೆರಿಕ, ಇಂಗ್ಲೆಂಡಿನ ಕಥೆ ಅಂತ ಪಕ್ಕಕ್ಕಿಡೋ ಹಾಗಿಲ್ಲ. ಶಂಕರ್‌ನಾಗ್ ಅವರ ‘ಗೀತಾ’ (1981), ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ (1983), ಎರಡಕ್ಕೂ ಇಳಯರಾಜ ಸಂಗೀತ. ನಮ್ಮಲ್ಲಿ ಯಾರಿಗೆ ಈ ಹಾಡುಗಳು ಬಾಯಿಗೆ ಬರಲ್ಲ? ಇವತ್ತು ರಾತ್ರಿ ಮತ್ತೆ ಹಾಕಿ, ಹಾಡುಗಾರರನ್ನು ಐದು ನಿಮಿಷ ಬಿಟ್ಟು ಬೇಸ್ ಒಂದನ್ನೇ ಹಿಂಬಾಲಿಸಿ. ಹಾಡಿನ ಕೆಳಗೆ ಇನ್ನೊಂದು ರಾಗ ತನ್ನ ಪಾಡಿಗೆ ನಡೀತಿರುತ್ತೆ. ಹಾಡು ಹೇಳಿದವರು ಗೊತ್ತು, ಬರೆದವರು ಗೊತ್ತು, ಸಂಗೀತ ನಿರ್ದೇಶಕರು ಗೊತ್ತು. ಬೇಸ್ ನುಡಿಸಿದವರು? ನಮ್ಮ ಮನೆಗಳಲ್ಲಿದ್ದ ಕ್ಯಾಸೆಟ್ ಕವರಿನಲ್ಲಿ ಸಾಮಾನ್ಯವಾಗಿ ಆ ಮೂರು ಜಾಗಕ್ಕಿಂತ ಹೆಚ್ಚು ಇರ್ತಿರಲಿಲ್ಲ.

ತಮಾಷೆ ಏನಂದ್ರೆ, ನಮ್ಮ ಶಾಸ್ತ್ರೀಯ ಸಂಗೀತ ಈ ವಿಷಯದಲ್ಲಿ ಯಾವತ್ತೋ ಮುಂದಿತ್ತು. ಯಾವುದೇ ಕರ್ನಾಟಕ ಸಂಗೀತ ಕಛೇರಿಯ ಆಹ್ವಾನ ಪತ್ರಿಕೆ ನೋಡಿ: ಗಾಯನ ಯಾರು, ಪಿಟೀಲು ಯಾರು, ಮೃದಂಗ ಯಾರು, ಘಟ ಯಾರು, ಎಲ್ಲ ಅಚ್ಚಾಗಿರುತ್ತೆ. ಕಛೇರಿ ನಡುವೆ ಗಾಯಕರು ಹಾಡು ನಿಲ್ಲಿಸಿ, ತಾಳ ಹಾಕ್ತಾ ಕೂತು, ತನಿ ಆವರ್ತನಕ್ಕೆ ವೇದಿಕೆ ಬಿಟ್ಟುಕೊಡ್ತಾರೆ. ಲಯದವರಿಗೆ ಹೆಸರು ಕೊಡಬೇಕು ಅನ್ನೋದು ನಮಗೆ ಹೊರಗಿನವರು ಬಂದು ಹೇಳಬೇಕಾದ ಮಾತಲ್ಲ. ಸಿನಿಮಾ ಹಾಡಿಗೆ ಬರುವಾಗ ಆ ರೂಢಿಯನ್ನು ದಾರಿಯಲ್ಲಿ ಬಿಟ್ಟುಬಂದಿದ್ದೀವಿ ಅಷ್ಟೇ.

ಈಗ ಸ್ವಲ್ಪ ಗಾಳಿ ಬದಲಾಗಿದೆ. ಮುಂಬೈನ ಮೋಹಿನಿ ಡೇ ಬೇಸ್ ನುಡಿಸಿಯೇ ಜಗತ್ತು ಸುತ್ತುತ್ತಿದ್ದಾರೆ. ಚೆನ್ನೈನ ಶಿವಮಣಿ ಹೆಸರಿಗೇ ಜನ ಸೇರ್ತಾರೆ. ರಘು ದೀಕ್ಷಿತ್ ಪ್ರಾಜೆಕ್ಟ್ ಕೇಳಿದವರಿಗೆ ಬೇಸ್‌ನಲ್ಲಿದ್ದ ಗೌರವ್ ವಾಜ್ ಗೊತ್ತು.

ನಿಮಗೊಂದು ಮನೆಪಾಠ

ನಿಮಗೆ ಅತಿ ಇಷ್ಟವಾದ ಒಂದು ಹಾಡು ತಗೊಳ್ಳಿ, ಯಾವ ಭಾಷೆಯದಾದ್ರೂ ಸರಿ. ಮೂರು ಸಲ ಕೇಳಿ. ಮೊದಲ ಸಲ ಕಿಕ್ ಮತ್ತು ಸ್ನೇರ್ ಮಾತ್ರ, ಬೆರಳಿನಲ್ಲಿ ತಟ್ಟುತ್ತಾ. ಎರಡನೇ ಸಲ ಬೇಸ್ ಮಾತ್ರ, ಬಾಯಲ್ಲಿ ‘ದುಂ ದುಂ’ ಅಂತ ಹಾಡ್ಕೊಂಡು. ಮೂರನೇ ಸಲ ಇವೆರಡೂ ಎಲ್ಲಿ ಒಟ್ಟಿಗೆ ಬೀಳ್ತವೆ, ಎಲ್ಲಿ ಬೇಕಂತಲೇ ಬಿಟ್ಟು ನಡೀತವೆ ಅಂತ ನೋಡಿ.

ಕೇಳಿದ ಮೇಲೆ ಆ ಬೇಸ್, ಆ ಡ್ರಮ್ಸ್ ನುಡಿಸಿದವರ ಹೆಸರು ಹುಡುಕಿ. ಸಿಕ್ಕರೆ ನಾಲ್ಕು ಜನಕ್ಕೆ ಹೇಳಿ. ಜೇಮರ್ಸನ್ ಹೆಸರು ಅಚ್ಚಾಗೋಕೆ ಹತ್ತು ವರ್ಷ ಬೇಕಾಯ್ತು. ನಮಗೆ ಹತ್ತು ನಿಮಿಷದ ಕೆಲಸ.

ಮುಂದಿನ ವಾರ ಮತ್ತೆ ಸಿಗೋಣ. ನಮಸ್ಕಾರ.